ಸಿಎನ್‌ಸಿಯಲ್ಲಿ ಹೆಸರು ಕೆತ್ತಲು ಯಾವ ಟೂಲು? ಸ್ಪ್ರಿಂಗ್ ಹೋಲ್ಡರ್, ಡೈಮಂಡ್ ಬಿಟ್, ಮಾಮೂಲಿ ವಿ-ಬಿಟ್ ಹೋಲಿಕೆ

ಪ್ಲೇಟಿನ ಒಂದು ತುದಿಯಲ್ಲಿ ಅಕ್ಷರ ದಪ್ಪ, ಇನ್ನೊಂದು ತುದಿಯಲ್ಲಿ ಕೂದಲೆಳೆಯಷ್ಟು ತೆಳು, ಮೂಲೆಯಲ್ಲಂತೂ ಬಿಟ್ ಮುಟ್ಟೇ ಇಲ್ಲ. ಸಿಎನ್‌ಸಿಯಲ್ಲಿ (ಕಂಪ್ಯೂಟರ್ ಪ್ರೋಗ್ರಾಂ ಹೇಳಿದಂತೆ ಓಡುವ ಮಷಿನ್) ಹೆಸರು ಕೆತ್ತುವವರಿಗೆಲ್ಲ ಗೊತ್ತಿರುವ ತಲೆನೋವು ಇದು. ಮಷಿನ್ ಲೆವೆಲ್ ಇಲ್ಲ ಅಂತ ಒಬ್ಬರು, ಪ್ರೋಗ್ರಾಂ ಸರಿ ಇಲ್ಲ ಅಂತ ಇನ್ನೊಬ್ಬರು. ಬಹಳ ಸಲ ಎರಡೂ ಅಲ್ಲ, ಪ್ಲೇಟೇ ಸಮ ಇರುವುದಿಲ್ಲ. ಶೀಟ್ ಕತ್ತರಿಸುವಾಗ ಅಂಚು ಬಾಗಿರುತ್ತದೆ, ಕ್ಲಾಂಪ್ ಬಿಗಿ ಮಾಡಿದ ಕಡೆ ಕೆಳಗಿಳಿದು ನಡುವೆ ಉಬ್ಬಿರುತ್ತದೆ, ಅಂಟು ಟೇಪಿನ ಕೆಳಗೆ ಒಂದು ಚೂರು ಚಿಪ್ಸ್ (ಕತ್ತರಿಸುವಾಗ ಉದುರುವ ಪುಡಿ) ಸಿಕ್ಕಿಕೊಂಡಿದ್ದರೂ ಸಾಕು.

ಲೆಕ್ಕ ನೋಡಿ. ವಿ-ಬಿಟ್‌ನ ಮೊನೆ ಇಳಿಜಾರಾಗಿರುವುದರಿಂದ ಆಳ ಹೆಚ್ಚಿದರೆ ಗೆರೆಯ ಅಗಲವೂ ಹೆಚ್ಚುತ್ತದೆ. 60 ಡಿಗ್ರಿ ಬಿಟ್ 0.1 ಮಿ.ಮೀ. ಜಾಸ್ತಿ ಇಳಿದರೆ ಗೆರೆ ಸುಮಾರು 0.115 ಮಿ.ಮೀ. ಅಗಲವಾಗುತ್ತದೆ. 90 ಡಿಗ್ರಿಯಲ್ಲಿ ಅದು 0.2, 120 ಡಿಗ್ರಿಯಲ್ಲಿ 0.35ರ ಹತ್ತಿರ. ಈಗ ಕಾಲು ಮಿಲಿಮೀಟರ್ ಬಾಗಿರುವ ಪ್ಲೇಟಿನ ಎತ್ತರದ ಜಾಗದಲ್ಲಿ ಝೀರೊ ಹಿಡಿದು (ಆಳ ಅಳೆಯಲು ಶುರು ಮಾಡುವ ಮಟ್ಟ ಇದು ಅಂತ ಮಷಿನ್‌ಗೆ ತಿಳಿಸಿ), 90 ಡಿಗ್ರಿ ಬಿಟ್‌ಗೆ 0.15 ಆಳ ಕೊಟ್ಟರೆ ಏನಾಗುತ್ತದೆ? ಎತ್ತರದಲ್ಲಿ 0.3 ಮಿ.ಮೀ. ಗೆರೆ, ತಗ್ಗಿನಲ್ಲಿ ಬಿಟ್ ಗಾಳಿಯಲ್ಲಿ ಓಡುತ್ತದೆ.

ಇದಕ್ಕೆ ಪರಿಹಾರ ಅಂತ ಸ್ಪ್ರಿಂಗ್ ಇರುವ ಟೂಲುಗಳು ಬಂದಿವೆ. ದಾವಣಗೆರೆಯ ಲೋಕಿಕೆರೆ ರಸ್ತೆ, ಕರೂರು, ಪಕ್ಕದ ಹರಿಹರದ ಕಡೆ ಸಣ್ಣ ಶೆಡ್ ಇಟ್ಟುಕೊಂಡು ರೌಟರ್ (ಹಗುರ ಕೆತ್ತನೆಯ ಸಿಎನ್‌ಸಿ) ಅಥವಾ ವಿಎಂಸಿ (ಲೋಹ ಕಡಿಯುವ ಭಾರಿ ಸಿಎನ್‌ಸಿ) ಓಡಿಸುವವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದನ್ನು ತಗೊಂಡರೆ ಎಲ್ಲ ಸರಿಹೋಗುತ್ತಾ? ಇಲ್ಲ. ಸ್ಪ್ರಿಂಗ್ ಟೂಲು ಮೇಲ್ಮೈಯ ಏರುತಗ್ಗನ್ನು ನುಂಗಿಕೊಳ್ಳುತ್ತದೆ, ಆದರೆ ಅದರ ಬದಲಿಗೆ ಆಳದ ಹಿಡಿತವನ್ನು ನಿಮ್ಮ ಕೈಯಿಂದ ಕಿತ್ತುಕೊಳ್ಳುತ್ತದೆ. ಈ ವ್ಯವಹಾರ ನಿಮ್ಮ ಜಾಬ್‌ಗೆ ಲಾಭವೋ ನಷ್ಟವೋ ಅಂತ ನೋಡಿ ಕೊಳ್ಳಬೇಕು. ಬೆಲೆ ನೋಡುವುದು ಆಮೇಲೆ.

ತಿರುಗುವ ಸ್ಪ್ರಿಂಗ್ ಹೋಲ್ಡರ್

ಹೊರಗೆ ಒಂದು ಗಟ್ಟಿ ಬಾಡಿ, ಅದರೊಳಗೆ ಮೇಲೆ ಕೆಳಗೆ ಜಾರುವ ಶಾಫ್ಟ್, ಶಾಫ್ಟಿನ ಹಿಂದೆ ಸ್ಪ್ರಿಂಗ್, ತುದಿಯಲ್ಲಿ ಕಾರ್ಬೈಡ್ ಕಟ್ಟರ್. ಸ್ಪಿಂಡಲ್ (ಟೂಲನ್ನು ಹಿಡಿದು ತಿರುಗಿಸುವ ಭಾಗ) ಜೊತೆಗೆ ಎಲ್ಲವೂ ತಿರುಗುತ್ತದೆ. ಮೊನೆ ಪ್ಲೇಟಿಗೆ ಮುಟ್ಟಿದ ಮೇಲೂ ಝಡ್ ಅನ್ನು (ಟೂಲು ಮೇಲೆ ಕೆಳಗೆ ಹೋಗುವ ಅಳತೆ) ಇನ್ನೂ 1–2 ಮಿ.ಮೀ. ಕೆಳಗೆ ಇಳಿಸುತ್ತೀರಿ. ಆಗ ಸ್ಪ್ರಿಂಗ್ ಕುಗ್ಗಿ, ಮೊನೆ ಮೇಲ್ಮೈ ಹೋದ ಹಾಗೆ ಹೋಗುತ್ತದೆ. ಒಳ್ಳೆಯ ಹೋಲ್ಡರ್‌ಗಳಲ್ಲಿ ಈ ಆಟ 5 ಮಿ.ಮೀ. ಆಸುಪಾಸು ಇರುತ್ತದೆ.

ಇಲ್ಲಿ ಆಳ ತೀರ್ಮಾನ ಮಾಡುವುದು ಝಡ್ ಅಲ್ಲ. ಸ್ಪ್ರಿಂಗಿನ ಒತ್ತಡ, ಮೊನೆಯ ಆಕಾರ, ಫೀಡ್ (ಟೂಲು ಮುಂದೆ ಸಾಗುವ ವೇಗ), ಲೋಹ ಎಷ್ಟು ಗಟ್ಟಿ ಅನ್ನುವುದು, ಇವು ನಾಲ್ಕೂ ಸೇರಿ ತೀರ್ಮಾನ ಮಾಡುತ್ತವೆ. ಅದೇ ಸೆಟ್ಟಿಂಗ್‌ನಲ್ಲಿ ಅಲ್ಯೂಮಿನಿಯಂ ಮೇಲೆ ಆಳವಾಗಿ ಬಂದ ಅಕ್ಷರ ಉಕ್ಕಿನ ಮೇಲೆ ತೇಲಿಬಿಡುತ್ತದೆ. ಪ್ರೋಗ್ರಾಂನಲ್ಲಿ ಝಡ್ ಅರ್ಧ ಮಿ.ಮೀ. ಜಾಸ್ತಿ ಇಳಿಸಿದರೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆಳ ಬೇಕಾದರೆ ಸ್ಪ್ರಿಂಗ್ ಬಿಗಿ ಮಾಡುವ ಪ್ರೀಲೋಡ್ ಸ್ಕ್ರೂ ತಿರುಗಿಸಬೇಕು, ಇಲ್ಲ ಗಟ್ಟಿ ಸ್ಪ್ರಿಂಗ್ ಹಾಕಬೇಕು, ಇಲ್ಲ ಫೀಡ್ ಕಡಿಮೆ ಮಾಡಬೇಕು. ಹಾಗಾಗಿ ಹೊಸ ಲೋಹ ಬಂದಾಗೆಲ್ಲ ಅದೇ ಲೋಹದ ತುಂಡಿನ ಮೇಲೆ ಒಂದು ಸಾಲು ಹೊಡೆದು ನೋಡುವುದು ಬಿಟ್ಟು ಬೇರೆ ದಾರಿ ಇಲ್ಲ.

ಇದು ನಿಜವಾಗಿ ದುಡಿಯುವುದು ಬೀಡಿನ ಕಾಸ್ಟಿಂಗ್ ಮೇಲೆ. ಪಂಪಿನ ಬಾಡಿ, ಗೇರ್ ಬಾಕ್ಸಿನ ಮುಚ್ಚಳ, ಮೋಟರಿನ ಎಂಡ್ ಕವರ್. ಇವುಗಳ ಮೇಲ್ಮೈ ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ಪ್ರತಿಯೊಂದಕ್ಕೂ ಝೀರೊ ಹಿಡಿಯುತ್ತಾ ಕೂತರೆ ದಿನ ಮುಗಿಯುತ್ತದೆ. ಐವತ್ತು ಪೀಸಿಗೆ ಸೀರಿಯಲ್ ನಂಬರ್ ಹಾಕಬೇಕು, ಎತ್ತರದಲ್ಲಿ ಅರ್ಧ-ಮುಕ್ಕಾಲು ಮಿ.ಮೀ. ವ್ಯತ್ಯಾಸ ಇದೆ ಅಂದರೆ ಸ್ಪ್ರಿಂಗ್ ಹೋಲ್ಡರ್ ಕಣ್ಣು ಮುಚ್ಚಿ ತಗೊಳ್ಳಿ. ಒಮ್ಮೆ ಸೆಟ್ ಮಾಡಿ, ಫಿಕ್ಸ್ಚರ್‌ಗೆ (ಪ್ರತಿ ಪೀಸನ್ನೂ ಒಂದೇ ಜಾಗದಲ್ಲಿ ಹಿಡಿಯುವ ಚೌಕಟ್ಟು) ಹಾಕಿ ಒಂದಾದ ಮೇಲೊಂದು ಓಡಿಸಬಹುದು.

ದುಂಡನೆ ಮೇಲ್ಮೈಗೂ ಬರುತ್ತದೆ, ಆದರೆ ಮಿತಿ ಇದೆ. 100 ಮಿ.ಮೀ. ತ್ರಿಜ್ಯದ ಪೈಪಿನ ಮೇಲೆ 20 ಮಿ.ಮೀ. ಅಗಲದ ಬರಹ ಹಾಕಿದರೆ ನಡುವಿಗಿಂತ ಅಂಚು 0.5 ಮಿ.ಮೀ. ಕೆಳಗಿರುತ್ತದೆ. 40 ಮಿ.ಮೀ. ಅಗಲ ಆದರೆ ಸುಮಾರು 2 ಮಿ.ಮೀ. ಲೆಕ್ಕದಲ್ಲಿ ಎರಡೂ ಸ್ಪ್ರಿಂಗಿನ ಆಟದೊಳಗೇ ಇವೆ. ಆದರೆ ಎರಡನೆಯದರಲ್ಲಿ ಅಂಚಿನ ಇಳಿಜಾರು 11 ಡಿಗ್ರಿ ದಾಟುತ್ತದೆ, ಮೊನೆ ಪಕ್ಕಕ್ಕೆ ಜಾರಲು ನೋಡುತ್ತದೆ, ಗೆರೆಯ ಒಂದು ಬದಿ ಮಾತ್ರ ಆಳವಾಗುತ್ತದೆ. ಅಷ್ಟು ಅಗಲ ಬೇಕಾದರೆ ರೋಟರಿ ಆಕ್ಸಿಸ್ ಹಾಕಿಕೊಂಡು ಪೈಪನ್ನೇ ತಿರುಗಿಸುವುದು ಒಳ್ಳೆಯದು.

ಇನ್ನು ಇದರ ತೊಂದರೆಗಳು. ದಾರಿಯಲ್ಲಿ ತೂತು ಇದ್ದರೆ ಸ್ಪ್ರಿಂಗ್ ಮೊನೆಯನ್ನು ತೂತಿನೊಳಗೆ ತಳ್ಳುತ್ತದೆ, ಆಚೆ ಅಂಚಿಗೆ ಬಡಿದು ಕಾರ್ಬೈಡ್ ಮುರಿಯುತ್ತದೆ. ಪೀಸಿನ ಅಂಚಿನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದರೂ ಅದೇ ಗತಿ. ಹಾಗಾಗಿ ಅಕ್ಷರದ ಗೆರೆ ತೂತಿನ ಮೇಲೆ ಬರದ ಹಾಗೆ ಮೊದಲೇ ಜಾಗ ನೋಡಿಕೊಳ್ಳಿ. ಎರಡನೆಯದು, ಮೊನೆ ನಿಂತಲ್ಲೇ ತಿರುಗಿದರೆ ಕೆಳಗಿಳಿಯುತ್ತಲೇ ಇರುತ್ತದೆ. ಮಾಮೂಲಿ ವಿ-ಬಿಟ್ ನಿಂತರೆ ಉಜ್ಜುತ್ತದೆ ಅಷ್ಟೇ, ಇದು ಹಿಂದಿನ ಒತ್ತಡದಿಂದ ಕೊರೆಯುತ್ತದೆ. ಪ್ರತಿ ಅಕ್ಷರದ ಶುರುವಿನಲ್ಲಿ ಒಂದು ಚುಕ್ಕೆ ಕಂಡರೆ ಕಾರಣ ಇದೇ. ಪ್ರೋಗ್ರಾಂನಲ್ಲಿ ಡ್ವೆಲ್ (ನಿಂತಲ್ಲೇ ಕಾಯುವ ಆದೇಶ) ಇದ್ದರೆ ತೆಗೆದುಹಾಕಿ, ಸಾಧ್ಯವಾದರೆ ನೇರ ಕೆಳಗೆ ಇಳಿಸದೆ ಗೆರೆಯ ಉದ್ದಕ್ಕೇ ಓರೆಯಾಗಿ ಇಳಿಸಿ. ಮೂರನೆಯದು ಜಾರುವ ಶಾಫ್ಟ್ ಪಕ್ಕಕ್ಕೆ ಅಲುಗುವುದು. ಅಲ್ಲಿ ಸ್ವಲ್ಪ ಸಡಿಲ ಇದ್ದರೂ ಸಣ್ಣ ಅಕ್ಷರದ ಮೂಲೆಗಳು ದುಂಡಗಾಗುತ್ತವೆ, ಗೆರೆ ನಡುಗಿದ ಹಾಗೆ ಕಾಣುತ್ತದೆ. ಅಗ್ಗದ ಹೋಲ್ಡರಿಗೂ ಒಳ್ಳೆಯದಕ್ಕೂ ನಿಜವಾದ ವ್ಯತ್ಯಾಸ ಇರುವುದು ಸ್ಪ್ರಿಂಗಿನಲ್ಲಲ್ಲ, ಈ ಫಿಟ್ಟಿಂಗ್‌ನಲ್ಲಿ.

ಆರ್‌ಪಿಎಂ ಬಗ್ಗೆ ಒಂದು ಮಾತು. ಒಂದು ಅಲಗಿನ ಕಟ್ಟರ್ 10,000 ಆರ್‌ಪಿಎಂನಲ್ಲಿ, ನಿಮಿಷಕ್ಕೆ 300 ಮಿ.ಮೀ. ಫೀಡ್‌ನಲ್ಲಿ ಓಡಿದರೆ ಪ್ರತಿ ಸುತ್ತಿನಲ್ಲೂ 0.03 ಮಿ.ಮೀ. ಕತ್ತರಿಸುತ್ತದೆ. ನಿಮ್ಮ ವಿಎಂಸಿ 6,000ಕ್ಕೆ ನಿಲ್ಲುತ್ತದೆ ಅಂದರೆ ಅದೇ ಲೆಕ್ಕಕ್ಕೆ ಫೀಡ್ 180 ಆಗಬೇಕು. ನಿಧಾನ ಅನ್ನಿಸುತ್ತದೆ, ಆದರೆ ಆತುರಪಟ್ಟರೆ ಮುರಿಯುವುದು ಮೊನೆ. ಹಾಗಂತ 24,000 ಓಡುವ ರೌಟರ್ ಇದೆ ಅಂತ ಪೂರ್ತಿ ವೇಗಕ್ಕೆ ಬಿಡಬೇಡಿ. ಹೋಲ್ಡರ್ ಎಷ್ಟಕ್ಕೆ ಬ್ಯಾಲೆನ್ಸ್ ಮಾಡಿದ್ದಾರೆ ಅಂತ ಅದರ ಕಾಗದದಲ್ಲಿ ಇರುತ್ತದೆ, ಅದನ್ನು ದಾಟಬಾರದು.

ಡೈಮಂಡ್ ಬಿಟ್, ಅಂದರೆ ತಿರುಗದೆ ಗೀರುವುದು

ಇದರಲ್ಲೂ ಸ್ಪ್ರಿಂಗ್ ಇದೆ, ಆದರೆ ಸ್ಪಿಂಡಲ್ ನಿಂತಿರಬೇಕು. ಶಂಕುವಿನ ಆಕಾರದ ವಜ್ರದ ಮೊನೆ, 90 ಅಥವಾ 120 ಡಿಗ್ರಿ, ಮೇಲ್ಮೈ ಮೇಲೆ ಒತ್ತಿಕೊಂಡು ಗೀರಿಕೊಂಡು ಹೋಗುತ್ತದೆ. ಸದ್ದಿಲ್ಲ, ಚಿಪ್ಸ್ ಬಹಳ ಕಡಿಮೆ, ಕೂಲಂಟ್ ಬೇಡ. ನಿಮಿಷಕ್ಕೆ 1,000 ಮಿ.ಮೀ. ಫೀಡ್ ಕೊಟ್ಟರೂ ಹಿತ್ತಾಳೆ ಮೇಲೆ ಚೆನ್ನಾಗಿ ಬರುತ್ತದೆ. ಬೆಲೆಯೂ ತಿರುಗುವ ಹೋಲ್ಡರಿಗಿಂತ ತುಂಬಾ ಕಡಿಮೆ.

ಗೆರೆ ತೆಳು, ಹೊಳಪು, ಸಮ. ಆದರೆ ಮೇಲುಮೇಲಿನದು. ಆಳ ಅಂದರೆ ಮಿಲಿಮೀಟರಿನ ನೂರನೇ ಭಾಗದ ಲೆಕ್ಕ. ಬಣ್ಣ ತುಂಬಲು ಕನಿಷ್ಠ 0.2 ಮಿ.ಮೀ. ಆದರೂ ಬೇಕು, ಡೈಮಂಡ್ ಗೀರಿನಲ್ಲಿ ಬಣ್ಣ ನಿಲ್ಲುವುದಿಲ್ಲ, ಒರೆಸಿದರೆ ಬಟ್ಟೆಗೇ ಬರುತ್ತದೆ. ದಿನಾ ಕೈ ತಾಗುವ, ತಿಕ್ಕಿ ತೊಳೆಯುವ ವಸ್ತುವಿನ ಮೇಲೆ ಕೆಲವು ವರ್ಷಕ್ಕೆ ಮಾಸುತ್ತದೆ.

ಹಾಗಾದರೆ ಎಲ್ಲಿ ಇದನ್ನು ಮೀರಿಸಿದ್ದು ಇಲ್ಲ? ಅನೋಡೈಸ್ ಮಾಡಿದ ಅಲ್ಯೂಮಿನಿಯಂ. ಮೇಲಿನ ಆ ಬಣ್ಣದ ಪದರ ಸಾಮಾನ್ಯವಾಗಿ 10–25 ಮೈಕ್ರಾನ್ ದಪ್ಪ, ತುಂಬಾ ಗಟ್ಟಿ. ವಜ್ರ ಅದನ್ನು ಸೀಳಿಕೊಂಡು ಕೆಳಗಿನ ಬಿಳಿ ಲೋಹ ತೋರಿಸುತ್ತದೆ. ಕಪ್ಪು ಪ್ಲೇಟಿನ ಮೇಲೆ ಬೆಳ್ಳಿ ಅಕ್ಷರ, ಬಣ್ಣ ತುಂಬುವ ರಗಳೆಯೇ ಇಲ್ಲ. ಪ್ಯಾನಲ್ ಬೋರ್ಡಿನ ಲೇಬಲ್, ಬಹುಮಾನದ ಪ್ಲೇಟು, ಬಾಗಿಲಿನ ಹೆಸರು ಫಲಕ, ಇವಕ್ಕೆ ಡೈಮಂಡ್ ಸಾಕು. ಬೆಳ್ಳಿ, ತಾಮ್ರ, ಹಿತ್ತಾಳೆಗೂ ಸೊಗಸು. ಗಾಜಿಗೂ ಆಗುತ್ತದೆ, ಒತ್ತಡ ಕಡಿಮೆ ಇಡಬೇಕು.

ಸ್ಟೀಲ್ ಪಾತ್ರೆ? ಮದುವೆ ಮುಯ್ಯಿಗೆ ಕೊಡುವ ಪಾತ್ರೆ ಮೇಲೆ ಹೆಸರು ಹಾಕಿಸುವುದು ನಮ್ಮಲ್ಲಿ ಇವತ್ತಿಗೂ ನಡೆಯುತ್ತದೆ. ಪಾತ್ರೆ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಗುರ್ ಅಂತ ಬರೆಯುವ ಮಷಿನ್ ಇರುತ್ತದಲ್ಲ, ಒಂದೆರಡು ಪಾತ್ರೆಗೆ ಅದಕ್ಕಿಂತ ಬೇಗ ಯಾವ ಸಿಎನ್‌ಸಿಯೂ ಮುಗಿಸುವುದಿಲ್ಲ, ಬರೆಯುವವರ ಕೈ ಚೆನ್ನಾಗಿದ್ದರೆ ಅಂದವೂ ಇರುತ್ತದೆ. ಆದರೆ ಒಂದೇ ಹೆಸರು, ಒಂದೇ ಚಿತ್ರ ಇನ್ನೂರು ತಟ್ಟೆಗೆ ಬೇಕು ಅಂದಾಗ ಡೈಮಂಡ್ ಬಿಟ್ ಕೆಲಸಕ್ಕೆ ಬರುತ್ತದೆ. ತೆಳು ಪಾತ್ರೆ ಸ್ಪ್ರಿಂಗಿನ ಒತ್ತಡಕ್ಕೆ ಒಳಗೆ ಬಾಗುತ್ತದೆ, ಹಾಗಾಗಿ ಒಳಗಿನಿಂದ ಮರದ ಅಚ್ಚು ಕೊಟ್ಟು ಕೂರಿಸಿ. ಸ್ಟೀಲ್ ಮೇಲೆ ವಜ್ರ ಹಿತ್ತಾಳೆಯಲ್ಲಿ ಬಾಳಿದಷ್ಟು ಬಾಳುವುದಿಲ್ಲ, ಅದನ್ನೂ ದರದಲ್ಲಿ ಸೇರಿಸಿಕೊಳ್ಳಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಡೈಮಂಡ್ ಬಿಟ್ ಹಾಕಿದಾಗ ಸ್ಪಿಂಡಲ್ ಆನ್ ಆಗಲೇಬಾರದು. ಕೆಲವು ಪೋಸ್ಟ್ ಪ್ರೊಸೆಸರ್‌ಗಳು (ಮಷಿನ್‌ಗೆ ತಕ್ಕ ಪ್ರೋಗ್ರಾಂ ಬರೆದುಕೊಡುವ ಸಾಫ್ಟ್‌ವೇರ್) ನೀವು ಕೇಳದಿದ್ದರೂ ಶುರುವಿನಲ್ಲಿ ಎಂ3, ಅಂದರೆ ಸ್ಪಿಂಡಲ್ ತಿರುಗಿಸುವ ಆದೇಶ, ಸೇರಿಸುತ್ತವೆ. ಪ್ರೋಗ್ರಾಂ ತೆರೆದು ಮೊದಲ ಹತ್ತಿಪ್ಪತ್ತು ಸಾಲು ಕಣ್ಣಲ್ಲಿ ಓದಿ, ಎಂ3 ಇದ್ದರೆ ತೆಗೆಯಿರಿ. ವಿಎಂಸಿಯಲ್ಲಿ ಎಂ19 ಕೊಟ್ಟು ಸ್ಪಿಂಡಲ್ ಲಾಕ್ ಮಾಡಿಕೊಂಡರೆ ಮೊನೆಯ ಒಂದೇ ಮುಖ ಯಾವಾಗಲೂ ಒಂದೇ ದಿಕ್ಕಿಗೆ ಇರುತ್ತದೆ, ಗೆರೆ ಪ್ರತಿ ಪೀಸಿನಲ್ಲೂ ಒಂದೇ ಥರ ಬರುತ್ತದೆ. ಕೆಳಗೆ ಇಳಿಸುವ ವೇಗ ಕಡಿಮೆ ಇರಲಿ. ವಜ್ರ ಉಜ್ಜಿದರೆ ಬೇಗ ಸವೆಯದು, ಕುಟ್ಟಿದರೆ ಚೂರಾಗುತ್ತದೆ.

ಕಲ್ಲಿನವರೂ ಕೇಳುತ್ತಾರೆ. ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಮೇಲೆ ಡೈಮಂಡ್ ಗೀರಿದರೆ ಬಿಳಿ ಗೆರೆ ಚೆಂದ ಕಾಣುತ್ತದೆ, ಭಾವಚಿತ್ರವನ್ನೂ ತೆಗೆಯಬಹುದು. ಆದರೆ ದೇವಸ್ಥಾನದ ಗೋಡೆಗೆ ಹಾಕುವ ದಾನಿಗಳ ಹೆಸರಿನ ಕಲ್ಲಿಗೆ ದಯವಿಟ್ಟು ಬೇಡ. ಬಿಸಿಲು ಮಳೆಗೆ ನಿಲ್ಲಬೇಕಾದ ಬರಹ ಆಳವಾಗಿರಬೇಕು, ಅದಕ್ಕೆ ಸ್ಯಾಂಡ್‌ಬ್ಲಾಸ್ಟ್ ಅಥವಾ ನೀರು ಹಾಕುತ್ತಾ ತಿರುಗಿಸುವ ಡೈಮಂಡ್ ಬರ್ (ವಜ್ರದ ಪುಡಿ ಅಂಟಿಸಿದ ಬಿಟ್) ಸರಿ.

ಮಾಮೂಲಿ ವಿ-ಬಿಟ್

ಕೊಲೆಟ್‌ಗೆ (ಸ್ಪಿಂಡಲ್ ತುದಿಯಲ್ಲಿ ಬಿಟ್ ಹಿಡಿಯುವ ಭಾಗ) ನೇರ ಹಾಕುವ ಗಟ್ಟಿ ಬಿಟ್. ನೂರಿನ್ನೂರು ರೂಪಾಯಿಯಿಂದ ಸಿಗುತ್ತದೆ. ಆಳ ಪೂರ್ತಿ ನಿಮ್ಮ ಕೈಯಲ್ಲಿ. ಬಣ್ಣ ತುಂಬಬೇಕಾ, 0.3 ಕೊಡಿ. ಮೋಲ್ಡಿನ ಮೇಲೆ ಪಾರ್ಟ್ ನಂಬರ್ 0.5 ಆಳ ಬೇಕಾ, ಎರಡು ಮೂರು ಸುತ್ತಿನಲ್ಲಿ ಇಳಿಸಿ. ಸ್ಪ್ರಿಂಗ್ ಟೂಲಿನಲ್ಲಿ ಇಷ್ಟು ನಂಬಿಕೆಯಿಂದ ಆಳ ಕೇಳಲು ಆಗುವುದಿಲ್ಲ.

ಇದರ ಕಾಟ ಒಂದೇ, ಮೇಲ್ಮೈ ಸಮ ಇರಬೇಕು. ಆದರೆ ಸಮ ಮಾಡಿಕೊಳ್ಳುವುದು ಜನ ಅಂದುಕೊಂಡಷ್ಟು ಕಷ್ಟವಲ್ಲ. ರೌಟರಿನ ಬೆಡ್ ಮೇಲೆ ಎಂಡಿಎಫ್ (ಮರದ ನಾರಿನ ಹಲಗೆ) ಹಾಕಿ, ಅದೇ ಮಷಿನ್‌ನಲ್ಲಿ ಅಗಲ ಕಟ್ಟರ್ ಹಾಕಿ ಒಂದು ಸಲ ತೆಳುವಾಗಿ ಸವರಿಬಿಡಿ. ಈಗ ಬೆಡ್ ನಿಮ್ಮ ಸ್ಪಿಂಡಲ್‌ಗೆ ಸಮ. ಪ್ಲೇಟನ್ನು ಕ್ಲಾಂಪ್‌ನಲ್ಲಿ ಹಿಡಿಯುವ ಬದಲು ಪೂರ್ತಿ ಹಿಂಬದಿಗೆ ಡಬಲ್ ಟೇಪ್ ಅಂಟಿಸಿ ಒತ್ತಿ. ಅರ್ಧದಷ್ಟು ಜನಕ್ಕೆ ಇಷ್ಟೇ ಸಾಕಾಗುತ್ತದೆ ಅನ್ನುವುದು ನನ್ನ ನಂಬಿಕೆ. ಸ್ಪ್ರಿಂಗ್ ಹೋಲ್ಡರಿಗೆ ದುಡ್ಡು ಹಾಕುವ ಮೊದಲು ಇದನ್ನು ಮಾಡಿ ನೋಡಿ, ಖರ್ಚು ಒಂದು ಎಂಡಿಎಫ್ ತುಂಡು ಮತ್ತು ಒಂದು ಮಧ್ಯಾಹ್ನ.

ಇನ್ನೊಂದು ದಾರಿ ಹೈಟ್ ಮ್ಯಾಪ್. ಬಿಟ್ ಮೊನೆಯಿಂದಲೇ ಪ್ಲೇಟನ್ನು ಅಲ್ಲಲ್ಲಿ ಮುಟ್ಟಿಸಿ ಎತ್ತರ ಅಳೆದು, ಆ ಏರುತಗ್ಗಿಗೆ ತಕ್ಕಂತೆ ಪ್ರೋಗ್ರಾಂನ ಝಡ್ ಬದಲಿಸಿಕೊಳ್ಳುವುದು. ಸಣ್ಣ ರೌಟರ್ ಓಡಿಸುವವರು ಬಳಸುವ ಕ್ಯಾಂಡಲ್, ಬಿಸಿಎನ್‌ಸಿ ಅನ್ನುವ ಸಾಫ್ಟ್‌ವೇರ್ ಎರಡರಲ್ಲೂ ಈ ಸೌಲಭ್ಯ ಇದೆ, ಎರಡೂ ಉಚಿತ. 100 × 60 ಮಿ.ಮೀ. ಪ್ಲೇಟಿಗೆ 10 ಮಿ.ಮೀ. ಅಂತರದಲ್ಲಿ ಮುಟ್ಟಿಸಿದರೆ 77 ಬಿಂದು. ಒಂದಕ್ಕೆ ಐದು ಸೆಕೆಂಡ್ ಅಂದರೂ ಆರು ನಿಮಿಷ ದಾಟುತ್ತದೆ. ಒಂದು ಒಳ್ಳೆಯ ಪ್ಲೇಟಿಗೆ ಈ ಸಮಯ ಏನೂ ಅಲ್ಲ, ನೂರು ಪ್ಲೇಟಿಗೆ ಬಲು ದುಬಾರಿ. ಜೊತೆಗೆ ಇದು ವಿದ್ಯುತ್ ಹರಿಯುವ ಲೋಹಕ್ಕೆ ಮಾತ್ರ. ಅನೋಡೈಸ್ ಪದರದಲ್ಲಿ ಕರೆಂಟ್ ಹರಿಯುವುದಿಲ್ಲ, ಬಿಟ್ ಮುಟ್ಟಿದ್ದು ಮಷಿನ್‌ಗೆ ಗೊತ್ತಾಗದೆ ಕೆಳಗೆ ಚುಚ್ಚಿಬಿಡುತ್ತದೆ. ಪ್ಲಾಸ್ಟಿಕ್ಕಿಗೂ ಇದೇ ಕಥೆ.

ಎರಡು ಬಣ್ಣದ ಪದರದ ಪ್ಲಾಸ್ಟಿಕ್ ಶೀಟಿನಲ್ಲಿ ಬ್ಯಾಡ್ಜ್, ನೇಮ್‌ಪ್ಲೇಟ್ ಮಾಡುವವರಿಗೆ ಮೂಗು ಇರುವ ಹೋಲ್ಡರ್ ಅಂತ ಇನ್ನೊಂದು ಬಗೆ ಇದೆ. ಮೂಗು ಪ್ಲೇಟಿನ ಮೇಲೆ ಕೂತು ಜಾರುತ್ತದೆ, ಬಿಟ್ ಮೂಗಿನಿಂದ ಎಷ್ಟು ಹೊರಗಿದೆಯೋ ಅಷ್ಟೇ ಆಳ. ಸ್ಪ್ರಿಂಗಿನ ಅನುಕೂಲವೂ ಇದೆ, ಆಳವೂ ಕೈಯಲ್ಲಿದೆ. ಆದರೆ ಮೂಗು ಪಾಲಿಶ್ ಮೇಲ್ಮೈಗೆ ಗೀರು ಬೀಳಿಸಬಹುದು, ಉಬ್ಬು ಇರುವ ಕಾಸ್ಟಿಂಗ್ ಮೇಲೆ ಕೂರುವುದೇ ಇಲ್ಲ.

ಫೈಬರ್ ಲೇಸರ್ ಬಗ್ಗೆ ಚುಟುಕಾಗಿ: ದಿನವಿಡೀ ಸ್ಟೀಲ್ ಮೇಲೆ ನಂಬರ್ ಹಾಕುವುದೇ ಕೆಲಸ ಆದರೆ ಈ ಯಾವ ಟೂಲೂ ಅದರ ವೇಗಕ್ಕೆ ಬರುವುದಿಲ್ಲ. ಅದು ಲಕ್ಷಗಳ ಮಾತು, ಬೇರೆ ಮಷಿನ್, ಬೇರೆ ಜಾಗ. ವಾರಕ್ಕೊಮ್ಮೆ ಬರುವ ಕೆಲಸಕ್ಕೆ ಲೇಸರ್ ಇರುವವರ ಹತ್ತಿರ ಹೊರಗೆ ಮಾಡಿಸುವುದೇ ವಾಸಿ.

ಸೆಟ್ಟಿಂಗ್ ಮಾಡುವಾಗ

ಯಾವ ಸ್ಪ್ರಿಂಗ್ ಟೂಲೇ ಆಗಲಿ, ಝೀರೊ ಹಿಡಿಯುವುದು ತಗ್ಗಿನ ಜಾಗದಲ್ಲಿ. ಅಲ್ಲಿಂದ 1–2 ಮಿ.ಮೀ. ಕೆಳಗೆ ಇಳಿಸಿದರೆ ಎಲ್ಲ ಕಡೆಯೂ ಸ್ಪ್ರಿಂಗ್ ಕುಗ್ಗಿದ ಸ್ಥಿತಿಯಲ್ಲೇ ಇರುತ್ತದೆ. ಮೇಲೆ ಎತ್ತುವ ಎತ್ತರವನ್ನು ಮಾತ್ರ ಎತ್ತರದ ಜಾಗದಿಂದ ಲೆಕ್ಕ ಹಾಕಿ, ಅಲ್ಲಿಂದ 3 ಮಿ.ಮೀ. ಆದರೂ ಮೇಲೆ ಹೋಗಬೇಕು. ಮಾಮೂಲಿ ಬಿಟ್‌ನ ಅಭ್ಯಾಸದಲ್ಲಿ ಒಂದು ಮಿ.ಮೀ. ಕೊಟ್ಟರೆ ಉಬ್ಬಿನ ಮೇಲೆ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳದೆ ಒಂದು ಅಕ್ಷರದಿಂದ ಇನ್ನೊಂದಕ್ಕೆ ಗೆರೆ ಎಳೆದುಕೊಂಡು ಹೋಗುತ್ತದೆ, ಪ್ಲೇಟ್ ಹಾಳು. ಟೂಲ್ ಸೆಟ್ಟರ್ ಮೇಲೆ ಒತ್ತಿ ಉದ್ದ ಅಳೆದರೆ ಸ್ಪ್ರಿಂಗ್ ಕುಗ್ಗಿ ಅಳತೆ ತಪ್ಪಬಹುದು, ಕೈಯಲ್ಲೇ ಕಾಗದ ಇಟ್ಟು ಮುಟ್ಟಿಸಿ.

ಧೂಳು ಸ್ಪ್ರಿಂಗ್ ಟೂಲಿನ ಶತ್ರು. ಚಿತ್ರದುರ್ಗದ ಕಡೆ ಬೇಸಿಗೆ ಗಾಳಿಯಲ್ಲಿ ಶೆಡ್ ಬಾಗಿಲು ತೆರೆದಿಟ್ಟು ಕೆಲಸ ಮಾಡುವವರು ಜಾರುವ ಶಾಫ್ಟನ್ನು ಆಗಾಗ ಒರೆಸಿ, ತೆಳು ಎಣ್ಣೆ ಒಂದು ಹನಿ ಹಾಕಿ. ಗ್ರೀಸ್ ಬೇಡ, ಬೀಡಿನ ಪುಡಿ ಅದಕ್ಕೆ ಅಂಟಿಕೊಂಡು ಶಾಫ್ಟ್ ಹಿಡಿದುಕೊಳ್ಳುತ್ತದೆ. ಬೆರಳಲ್ಲಿ ಒತ್ತಿ ಬಿಟ್ಟಾಗ ತಟ್ಟನೆ ವಾಪಸ್ ಬರಬೇಕು.

ಕನ್ನಡ ಅಕ್ಷರ ಕೆತ್ತುವಾಗ

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಟೂಲು ಮಾರುವವರಿಗೆ ಇದು ಗೊತ್ತಿರುವುದೂ ಕಡಿಮೆ. ಸ್ಪ್ರಿಂಗ್ ಟೂಲಿಗೆ ಒಂಟಿ ಗೆರೆಯ ಫಾಂಟ್ ಬೇಕು. ಅಂದರೆ ಅಕ್ಷರದ ನಡುವಿನಲ್ಲಿ ಒಂದೇ ಗೆರೆ, ಬಿಟ್ ಅದರ ಮೇಲೆ ಒಂದು ಸಲ ಓಡುತ್ತದೆ. ಇಂಗ್ಲಿಷಿಗೆ ಇಂತಹವು ಬೇಕಾದಷ್ಟಿವೆ, ಇಂಕ್‌ಸ್ಕೇಪ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಹರ್ಷಿ ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಕನ್ನಡ ಇಲ್ಲ. ನಾವು ಬಳಸುವ ನುಡಿ, ಬರಹದ ಫಾಂಟುಗಳೆಲ್ಲ ಅಕ್ಷರದ ಹೊರ ಅಂಚಿನವು. ಅದನ್ನೇ ಕೊಟ್ಟರೆ ಮಷಿನ್ ಪ್ರತಿ ಗೆರೆಯ ಎರಡೂ ಬದಿ ಸುತ್ತಿ ಬರುತ್ತದೆ, 5 ಮಿ.ಮೀ. ಅಕ್ಷರದಲ್ಲಿ ಅದು ಗೋಜಲು.

ಸಣ್ಣ ಅಕ್ಷರಕ್ಕೆ ಉಪಾಯ ಅಂದರೆ ಇಂಕ್‌ಸ್ಕೇಪಿನಲ್ಲಿ ಹೆಸರು ಟೈಪ್ ಮಾಡಿ, ಅದರ ಮೇಲೆ ಪೆನ್ ಟೂಲಿನಿಂದ ನಡುಗೆರೆ ಎಳೆದುಕೊಳ್ಳುವುದು. ಬೇಸರದ ಕೆಲಸ, ಆದರೆ ಎಳೆದ ಅಕ್ಷರ, ಒತ್ತಕ್ಷರಗಳನ್ನು ಬೇರೆ ಬೇರೆ ಉಳಿಸಿಟ್ಟುಕೊಂಡರೆ ಮುಂದಿನ ಹೆಸರಿಗೆ ಜೋಡಿಸಿಕೊಳ್ಳಬಹುದು. ನಮ್ಮ ಅಕ್ಷರಗಳೆಲ್ಲ ತಿರುವು. ಸಾಫ್ಟ್‌ವೇರ್ ಆ ತಿರುವನ್ನು ನೂರಾರು ಚಿಕ್ಕ ನೇರ ಗೆರೆಗಳಾಗಿ ಒಡೆದರೆ ಸಣ್ಣ ಕಂಟ್ರೋಲರ್ ತಡವರಿಸುತ್ತದೆ, ತಡವರಿಸಿದಲ್ಲೆಲ್ಲ ತಿರುಗುವ ಸ್ಪ್ರಿಂಗ್ ಟೂಲು ಚುಕ್ಕೆ ಕೊರೆಯುತ್ತದೆ. ಜಿ2, ಜಿ3 (ದುಂಡಗೆ ಸಾಗುವ ಆದೇಶಗಳು) ಕಮಾನುಗಳಾಗಿ ಪ್ರೋಗ್ರಾಂ ತೆಗೆಯಲು ಬಂದರೆ ಹಾಗೇ ತೆಗೆಯಿರಿ. ಇಂತಹ ಕಡೆ ಡೈಮಂಡ್ ಬಿಟ್ ಹೆಚ್ಚು ಕ್ಷಮಿಸುತ್ತದೆ, ಅದು ನಿಂತರೂ ಕೊರೆಯುವುದಿಲ್ಲ.

ಗೆರೆಯ ಅಗಲವೂ ಮುಖ್ಯ. ಥ ಮತ್ತು ಧ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ, ಡ ಮತ್ತು ಢ ನಡುವೆ ಕೆಳಗಿನ ಒಂದು ಸಣ್ಣ ಸೀಳು. 4 ಮಿ.ಮೀ. ಎತ್ತರದ ಅಕ್ಷರದಲ್ಲಿ ಒತ್ತಕ್ಷರ 2 ಮಿ.ಮೀ. ಕೂಡ ಇರುವುದಿಲ್ಲ. ಗೆರೆ 0.3 ಆಯಿತು ಅಂದರೆ ಆ ಚುಕ್ಕೆ, ಸೀಳು ಎಲ್ಲ ಮುಚ್ಚಿಹೋಗಿ ರಘುನಾಥ ರಘುನಾಧ ಆಗುತ್ತಾನೆ. ಅಷ್ಟು ಸಣ್ಣದಕ್ಕೆ ಡೈಮಂಡಿನ ತೆಳು ಗೆರೆಯೇ ಸರಿ, ಇಲ್ಲ ಅಕ್ಷರವನ್ನು 7–8 ಮಿ.ಮೀ.ಗೆ ಏರಿಸಿ.

ದೊಡ್ಡ ಅಕ್ಷರಕ್ಕೆ, ಅಂದರೆ ಮನೆಯ ಫಲಕ, ದೇವಸ್ಥಾನದ ಹಿತ್ತಾಳೆ ತಗಡು, ಅಂಗಡಿಯ ಹೆಸರು, ನನ್ನ ಮತ ಪೂರ್ತಿ ಮಾಮೂಲಿ ವಿ-ಬಿಟ್‌ಗೆ. ಕಾರಣ ವಿ-ಕಾರ್ವಿಂಗ್. ಅಕ್ಷರ ಅಗಲ ಇರುವಲ್ಲಿ ಬಿಟ್ ಆಳಕ್ಕೆ ಇಳಿಯುತ್ತದೆ, ತೆಳುವಾಗುವಲ್ಲಿ ಮೇಲೇಳುತ್ತದೆ, ತಲೆಕಟ್ಟಿನ ಚೂಪು, ಹೊಟ್ಟೆಯ ದಪ್ಪ, ಒತ್ತಕ್ಷರದ ಬಾಲ ಎಲ್ಲವೂ ಬರೆದ ಹಾಗೆ ಮೂಡುತ್ತವೆ. ಇಲ್ಲಿ ನುಡಿ, ಬರಹದ ಹೊರ ಅಂಚಿನ ಫಾಂಟೇ ಬೇಕಾದದ್ದು, ನಡುಗೆರೆ ಎಳೆಯುವ ಕೆಲಸವೇ ಇಲ್ಲ. ಸ್ಪ್ರಿಂಗ್ ಟೂಲಿನಲ್ಲಿ ಇದು ಯಾವತ್ತೂ ಆಗುವುದಿಲ್ಲ, ಪ್ರೋಗ್ರಾಂ ಕೊಟ್ಟ ಆಳದ ಏರಿಳಿತವನ್ನೆಲ್ಲ ಸ್ಪ್ರಿಂಗೇ ನುಂಗಿಬಿಡುತ್ತದೆ. ಹಾಗಾಗಿ ಫಲಕದ ಕೆಲಸ ಹೆಚ್ಚು ಬರುವ ಶೆಡ್‌ನವರು ಸ್ಪ್ರಿಂಗ್ ಹೋಲ್ಡರಿನ ದುಡ್ಡಿನಲ್ಲಿ 60 ಮತ್ತು 90 ಡಿಗ್ರಿಯ ಒಳ್ಳೆಯ ವಿ-ಬಿಟ್‌ಗಳನ್ನು ತಗೊಂಡು, ಬೆಡ್ ಸಮ ಮಾಡಿಕೊಳ್ಳಿ. ಪಂಪ್, ಕಾಸ್ಟಿಂಗ್ ಕೆಲಸದವರು ತಿರುಗುವ ಹೋಲ್ಡರ್ ಕೊಳ್ಳುವಾಗ ಕಟ್ಟರಿನ ಶ್ಯಾಂಕ್ (ಹೋಲ್ಡರಿನೊಳಗೆ ಕೂರುವ ಕಡ್ಡಿ) ಸೈಜ್ ಕೇಳಿ. 3.175 ಅಥವಾ 6 ಮಿ.ಮೀ. ಇದ್ದರೆ ಮೊನೆ ಮುರಿದಾಗ ಬೇರೆ ಎಲ್ಲಿಯಾದರೂ ಸಿಗುತ್ತದೆ, ಆ ಕಂಪನಿಯದ್ದೇ ವಿಶೇಷ ಸೈಜ್ ಆದರೆ ಮುಂದಿನ ಪಾರ್ಸೆಲ್ ಬರುವವರೆಗೆ ಜಾಬ್ ನಿಲ್ಲಿಸಿ ಕೂರಬೇಕಾಗುತ್ತದೆ.